ಹಾರ್ನ್ ಹೊಡಿ, ಓವರ್

ಡಚ್ ಕರಾವಳಿಯ ನೂರ್ಡ್‌ವೈಕ್‌ನಲ್ಲಿ ಮಳೆ ಮೇಲಿನಿಂದ ಬೀಳುವುದಿಲ್ಲ. ಸಮುದ್ರದ ಕಡೆಯಿಂದ ಅಡ್ಡಡ್ಡ ಬಂದು ಕಿಟಕಿಗೆ ಬಡಿಯುತ್ತದೆ. ನವೆಂಬರಿನ ಆ ಶನಿವಾರ ಮಧ್ಯಾಹ್ನ ಹಿಡಿದ ಮಳೆ, ಸಂಜೆ ಐದಕ್ಕೆ ಕತ್ತಲಾದ ಮೇಲೆ ಗಾಳಿಯನ್ನೂ ಜೊತೆಗೆ ಕರೆದುಕೊಂಡು ಬಂತು. ಅಕ್ಷಯಾಳ ಫೋನಿನಲ್ಲಿ ಲೈಡನ್ನಿನಿಂದ ಹೊರಡುವ ರೈಲುಗಳು ಒಂದೊಂದಾಗಿ ಕೆಂಪಾದವು. ಟಿಲ್‌ಬರ್ಗಿಗೆ ಇವತ್ತು ವಾಪಸು ಹೋಗುವುದು ಸಾಧ್ಯವಿಲ್ಲ ಎಂದು ಗೊತ್ತಾದಾಗ ಅವಳು ಬಾಯಲ್ಲಿ "ಅಯ್ಯೋ" ಎಂದಳು, ಒಳಗೊಳಗೇ ಖುಷಿಪಟ್ಟಳು.

ಅವಳು ಬೆಂಗಳೂರಿನಿಂದ ಟಿಲ್‌ಬರ್ಗಿನ ಒಂದು ಸಾಗಣೆ ಕಂಪನಿಗೆ ಸಾಫ್ಟ್‌ವೇರ್ ಕೆಲಸಕ್ಕೆ ಬಂದು ವರ್ಷ ತುಂಬಿರಲಿಲ್ಲ. ಶುಕ್ರವಾರ ಸಂಜೆ ಆಫೀಸಿನಲ್ಲಿ "ಫೈನ್ ವೀಕೆಂಡ್" ಅಂದರೆ ಮುಗಿಯಿತು, ಸೋಮವಾರ ಬೆಳಿಗ್ಗೆಯವರೆಗೆ ಮನುಷ್ಯರೊಡನೆ ಮಾತಾಡುವ ಪ್ರಮೇಯವೇ ಬರುತ್ತಿರಲಿಲ್ಲ. ಆದ್ದರಿಂದಲೇ ಕನ್ನಡ ಬಳಗದಲ್ಲಿ ಪರಿಚಯವಾದ ಸಂಪ್ರೀತಾ ಊಟಕ್ಕೆ ಕರೆದಾಗ ಎರಡು ಸಲ ಕರೆಸಿಕೊಳ್ಳದೆ ಬಂದಿದ್ದಳು. ಸಂಪ್ರೀತಾ ಮತ್ತು ಅವಳ ಗಂಡ ಅವಿನ್ ಇಬ್ಬರೂ ಮಂಗಳೂರಿನ ಕಡೆಯವರು, ಇಲ್ಲಿನ ಬಾಹ್ಯಾಕಾಶ ಕೇಂದ್ರದಲ್ಲಿ ಎಂಜಿನಿಯರುಗಳು. ಅವರ ಜೊತೆಯಲ್ಲೇ ಇದ್ದವರು ಸಂಪ್ರೀತಾಳ ಅಪ್ಪ ಕೂಸಪ್ಪ. ಸರಕು ಹಡಗುಗಳಲ್ಲಿ ರೇಡಿಯೋ ಅಧಿಕಾರಿಯಾಗಿದ್ದು ನಿವೃತ್ತರಾದ ಎತ್ತರದ ಮುದುಕ. ಇಲ್ಲಿಯೂ ಪರೀಕ್ಷೆ ಬರೆದು ಹವ್ಯಾಸಿ ರೇಡಿಯೋದ ಹ್ಯಾಮ್ ಲೈಸೆನ್ಸ್ ತೆಗೆದುಕೊಂಡು, ಮೇಲಿನ ಕೋಣೆಯಲ್ಲಿ ಕೂತು ಜಗತ್ತಿನವರೊಡನೆಲ್ಲ ಮಾತಾಡುವ ಮನುಷ್ಯ.

ಊಟಕ್ಕೆ ಇನ್ನೊಬ್ಬರು ಬರುವುದಿತ್ತು. ಗ್ರೋನಿಂಗನ್ನಿನ ಊರ್ಮಿಳಾ, ಕೂಸಪ್ಪನವರ ಪರಿಚಯ, ಮನೆಗೆ ಬರುತ್ತಿರುವುದು ಇದೇ ಮೊದಲು. ಸಂಪ್ರೀತಾ ಫೋನು ಇಟ್ಟು ಬಂದಳು.

"ರೈಲಿಲ್ಲ ಅಂತ ಕಾರಿನಲ್ಲೇ ಹೊರಟಿದ್ದಾರಂತೆ ಪಪ್ಪ. ಈ ಮಳೆಯಲ್ಲಿ ಮನೆ ಹುಡುಕ್ಲಿಕ್ಕೆ ಕಷ್ಟ ಆಗ್ತದೆ ಅಂದ್ರೆ, ದಾರಿ ಹೇಳುವವರಿದ್ದಾರೆ ಅಂದ್ರು."

"ಇದ್ದಾರೆ, ಇದ್ದಾರೆ," ಎಂದರು ಕೂಸಪ್ಪ.

ಅಕ್ಷಯಾ ಮೇಜಿನ ಮೇಲೆ ಐದು ತಟ್ಟೆ ಇಟ್ಟಳು. ನೀರ್ ದೋಸೆ ಆಮೇಲೆ ಬಿಸಿಬಿಸಿ ಹುಯ್ಯುವುದೆಂದು ತೀರ್ಮಾನವಾಗಿ ಎಲ್ಲರೂ ಹುರಿದ ನೆಲಗಡಲೆ ಹಿಡಿದು ಸೋಫಾಕ್ಕೆ ಬಂದರು. ಆಗ ಅವಿನ್ ಒಂದು ಪೆಟ್ಟಿಗೆ ತಂದು ಮಾವನ ಮುಂದೆ ಇಟ್ಟ. ಮೂರು ದಿನ ಕರೆಂಟು ಹೋದರೆ ಏನೇನು ಬೇಕು ಎಂದು ಸರಕಾರದ ಪುಸ್ತಿಕೆ ಮನೆಮನೆಗೆ ಬಂದ ಮೇಲೆ ಅವನಿಗೆ ವಾಕಿಟಾಕಿಯ ಹುಚ್ಚು ಹಿಡಿದಿತ್ತು.

"ಅಮೆರಿಕಕ್ಕೆ ಹೋದಾಗ ತಂದದ್ದು ಮಾವ. ಜಿಎಂಆರ್‌ಎಸ್. ಐದು ವಾಟ್! ಇದರ ಮುಂದೆ ಇಲ್ಲಿಯದ್ದೆಲ್ಲ ಆಟಿಕೆ."

ಕೂಸಪ್ಪ ಕನ್ನಡಕ ಏರಿಸಿ ನೋಡಿದರು. "ಚಂದ ಉಂಟು. ಕಪಾಟಿನಲ್ಲಿಡು. ಅಮೆರಿಕದವರಿಗೆ ಆ ಚಾನೆಲ್ ಕೊಟ್ಟದ್ದು ಅವರ ಸರಕಾರ ಮಾರಾಯ, ಅಲ್ಲಿ ಹಣ ಕಟ್ಟಿದ್ರೆ ಲೈಸೆನ್ಸ್ ಸಿಗ್ತದೆ. ಇಲ್ಲಿ ಆ ಜಾಗ ಬೇರೆಯವರದ್ದು. ಒತ್ತಿದ್ರೆ ದಂಡ ಕಟ್ಟಿ ಬರುವೆ. ಇಲ್ಲಿ ಲೈಸೆನ್ಸ್ ಇಲ್ಲದೆ ಇಂಥ ಸೆಟ್ಟಿನಲ್ಲಿ ಮಾತಾಡ್ಲಿಕ್ಕೆ ಒಂದೇ, ನಾನೂರ ನಲವತ್ತಾರು ಮೆಗಾಹರ್ಟ್ಸ್. ಅರ್ಧ ವಾಟ್. ಹೆಚ್ಚು ಬೇಕಾದ್ರೆ ನನ್ನ ಹಾಗೆ ಪರೀಕ್ಷೆ ಬರೆ."

ಮೇಲೆ ಹೋಗಿ ತಮ್ಮದೊಂದು ಸಣ್ಣ ಹಳದಿ ಸೆಟ್ಟು ತಂದು ಕೊಟ್ಟರು. ಅವಿನ್ ಸಪ್ಪಗಾದರೂ ಅದರ ಗುಂಡಿಗಳನ್ನು ಒತ್ತತೊಡಗಿದ. ಯಾರೋ ಮಕ್ಕಳ ಕಿರುಚಾಟ ಗರಗರ ಎಂದು ಕೇಳಿತು.

"ಅಕ್ಕಪಕ್ಕದವರದ್ದೆಲ್ಲ ಕೇಳ್ತದಲ್ಲ! ಇರಿ, ಪ್ರೈವೆಸಿ ಕೋಡ್ ಹಾಕ್ತೇನೆ."

"ಬೇಡ!"

ಕೂಸಪ್ಪ ಅಷ್ಟು ಗಟ್ಟಿಯಾಗಿ ಕೂಗಿದ್ದನ್ನು ಅವರ ಮಗಳೂ ಕೇಳಿರಲಿಲ್ಲ. ಅವರು ಸೆಟ್ಟನ್ನು ಅವಿನ್‌ನ ಕೈಯಿಂದ ತೆಗೆದುಕೊಂಡು ಕಿಟಕಿಯ ಕಟ್ಟೆಯ ಮೇಲೆ, ಅಕ್ಷಯಾಳ ಪಕ್ಕದಲ್ಲೇ, ಚಾಲೂ ಇಟ್ಟರು. ಮಕ್ಕಳು ಊಟಕ್ಕೆ ಹೋದರೋ ಏನೋ, ಸದ್ದಿರಲಿಲ್ಲ. ಮಳೆ ಮಾತ್ರ ಬಡಿಯುತ್ತಿತ್ತು.

"ಕೋಡ್ ಅಂದ್ರೆ ಎಂತ ಅಂತ ಗೊತ್ತುಂಟಾ ನಿಮಗೆ?" ಎಂದು ಅವರು ಕುರ್ಚಿಗೆ ಒರಗಿದರು. "ಹೇಳ್ತೇನೆ ಕೇಳಿ. ಮಧ್ಯ ಬಾಯಿ ಹಾಕ್ಬೇಡಿ, ನಂಗೆ ತಪ್ಪಿ ಹೋಗ್ತದೆ.

"ಗ್ರೋನಿಂಗನ್ನಿನಲ್ಲಿ ಮೈಸೂರಿನವ ಒಬ್ಬ ಇದ್ದ, ಹರಿಪ್ರಸಾದ ಅಂತ. ಐಟಿ. ತಮಾಷೆಯ ಮನುಷ್ಯ, ಆದ್ರೆ ಲ್ಯಾಪ್‌ಟಾಪ್ ಎದುರು ಕೂತ್ರೆ ಕಿವಿಯ ಹತ್ರ ಡೋಲು ಬಡಿದ್ರೂ ಕೇಳುವುದಿಲ್ಲ. ಹೆಂಡತಿ... ಅವಳ ಹೆಸರು ಆಮೇಲೆ ಹೇಳ್ತೇನೆ. ಅವಳಿಗೆ ಇಲ್ಲಿ ಕೆಲಸ ಇನ್ನೂ ಸಿಕ್ಕಿರಲಿಲ್ಲ. ಚಳಿಗಾಲದಲ್ಲಿ ಬೆಳಿಗ್ಗೆ ಎಂಟೂವರೆಯವರೆಗೆ ಕತ್ತಲು, ಮತ್ತೆ ನಾಲ್ಕೂವರೆಗೇ ಕತ್ತಲು, ನಡುವೆ ಇರುವ ಅಷ್ಟು ಬೆಳಕಿನಲ್ಲಿ ಅವಳು ಯಾರೊಟ್ಟಿಗೆ ಮಾತಾಡ್ಬೇಕು, ಹೇಳಿ? ಗೋಡೆಯ ಹತ್ರವಾ? ಒಂದು ದಿನ ಅತ್ತಳಂತೆ. ಮರುದಿನ ಆ ಮಹಾರಾಯ ಎಂತ ತಂದ ಗೊತ್ತುಂಟಾ? ಸೀರೆ ಅಲ್ಲ, ಬಂಗಾರ ಅಲ್ಲ... ಒಂದು ಜೋಡಿ ವಾಕಿಟಾಕಿ.

"ನಗ್ಬೇಡಿ. ಅದು ಕೆಲಸ ಮಾಡಿತು! ಭಾನುವಾರ ಸೈಕಲ್ ಹತ್ತಿ ಹೋಗುವುದು, ಅವ ಮುಂದೆ, ಇವಳು ಹಿಂದೆ, ಇಬ್ಬರ ಕೊರಳಲ್ಲೂ ಒಂದೊಂದು ಸೆಟ್ಟು. 'ಇವಳೇ, ಮುಂದೆ ಎಡಕ್ಕೆ ಒಂದು ಕೊಕ್ಕರೆ ಇದೆ ನೋಡು, ಓವರ್.' 'ನೋಡ್ದೆ ರೀ, ನಿಮ್ಮ ಹಾಗೇ ಒಂಟಿ ಕಾಲಲ್ಲಿ ನಿದ್ದೆ ಮಾಡ್ತಿದೆ, ಓವರ್.' ಹೀಗೆ. ಮೈಸೂರಿನವರು, ಹೆಸರು ಹಿಡಿದು ಕರೆಯುವ ಅಭ್ಯಾಸ ಇಲ್ಲ, ಅವ ಅವಳಿಗೆ 'ಇವಳೇ', ಅವಳು ಅವನಿಗೆ 'ರೀ'. ಮನೆಯಲ್ಲಿ ಎದುರುಬದುರು ಕೂತು ಆಡದ ಮಾತೆಲ್ಲ ಆ ಗುಂಡಿ ಒತ್ತಿ ಆಡಿದ್ರು. ಅವಳು ನಂಗೆ ಹೇಳಿದ್ದು, 'ಅಂಕಲ್, ನಮ್ಮ ಮದುವೆ ಶುರುವಾದದ್ದೇ ಆಗ' ಅಂತ.

"ಈಗ ನೀವು ಆ ಉತ್ತರದ ಕಡಲು ನೋಡಿದ್ದೀರಾ? ನಮ್ಮ ಇಲ್ಲಿಯ ಹಾಗೆ ಅಲ್ಲ. ಇಳಿತದ ಹೊತ್ತಿಗೆ ನೀರು ಹೋಗಿಬಿಡ್ತದೆ, ಕಣ್ಣು ಹೋಗುವಷ್ಟು ದೂರ ಬರೀ ಕೆಸರು. ಜನ ಅದರ ಮೇಲೆ ನಡೀತಾರೆ, ಆದ್ರೆ ದಾರಿ ಗೊತ್ತಿರುವವನ ಒಟ್ಟಿಗೆ. ಯಾಕೆ? ನೀರು ವಾಪಸು ಬರುವಾಗ ಎದುರಿನಿಂದ ಬರುವುದಿಲ್ಲ... ಕಾಲುವೆ ಕಾಲುವೆಯಲ್ಲಿ ಸದ್ದಿಲ್ಲದೆ ಹರಿದು ನಿಮ್ಮ ಬೆನ್ನ ಹಿಂದೆ ಬರ್ತದೆ.

"ಮೂರು ವರ್ಷದ ಹಿಂದಿನ ಏಪ್ರಿಲ್ ತಿಂಗಳು. ಮಧ್ಯಾಹ್ನ. ಒಳ್ಳೆ ಬಿಸಿಲು. ಇಬ್ಬರೂ ಕಾರು ತಕೊಂಡು ಹೋಗಿ ದಂಡೆಯ ಏರಿಯ ಬುಡದಲ್ಲಿ ನಿಲ್ಲಿಸಿದ್ರು, ಕುರಿ ಮೇಯುವ ಏರಿ. ಅವಳಿಗೆ ಆಗಷ್ಟೇ ಜ್ವರ ಬಿಟ್ಟದ್ದು, 'ನಾನು ಇಳಿಯಲ್ಲ ರೀ, ಇಲ್ಲೇ ಇರ್ತೀನಿ' ಅಂದ್ಳು. ಅವನಿಗೆ ಹಕ್ಕಿಯ ಫೋಟೋ ಬೇಕು. 'ಹೀಗೆ ಹೋಗಿ ಹಾಗೆ ಬರ್ತೀನಿ.' ಫೋನು? ಫೋನನ್ನು ಕಾರಿನಲ್ಲಿ ಚಾರ್ಜಿಗೆ ಹಾಕಿ ಹೋದ. ಉಪ್ಪುನೀರಿಗೆ ಬಿದ್ರೆ ಹಾಳಾಗ್ತದೆ, ಹೇಗೂ ವಾಕಿಟಾಕಿ ಇದೆಯಲ್ಲ, ಅಂತ. ಇದೆಯಲ್ಲ!

"ಅವ ಹೋದ ಮೇಲೆ ಏರಿಗೆ ಒಂದು ಡಚ್ ಸಂಸಾರ ಬಂತು. ಎರಡು ಮಕ್ಕಳು, ಮಕ್ಕಳ ಕೈಯಲ್ಲೂ ಆಟದ ವಾಕಿಟಾಕಿ. ಚಾನೆಲ್ಲೂ ಅದೇ. ಕಿಚಿಕಿಚಿ, ಕಿಚಿಕಿಚಿ... ಅವಳಿಗೆ ತಲೆನೋವು. ಪೆಟ್ಟಿಗೆಯ ಮೇಲೆ ಬರೆದಿತ್ತಲ್ಲ ಪ್ರೈವೆಸಿ ಕೋಡ್ ಅಂತ, ಈಗ ಅವಿನ್ ಒತ್ತಲಿಕ್ಕೆ ಹೋದನಲ್ಲ, ಅದನ್ನೇ ಒತ್ತಿದ್ಳು. ಮಕ್ಕಳ ಸದ್ದು ಟಪ್ ಅಂತ ನಿಂತಿತು. ಅವಳಿಗೆ ಎಂತ ಅನ್ನಿಸ್ತು ಗೊತ್ತುಂಟಾ? ಇನ್ನು ಈ ಲೈನಿನಲ್ಲಿ ನಾವಿಬ್ಬರೇ, ಅಂತ.

"ಅಲ್ಲ ಮಗಾ! ಕೋಡ್ ಹಾಕಿದ್ರೆ ಬೇರೆಯವರ ಬಾಯಿ ಮುಚ್ಚುವುದಿಲ್ಲ. ನಿನ್ನ ಕಿವಿ ಮುಚ್ಚುವುದು. ಅದೇ ಕೋಡ್ ಇರುವ ಸೆಟ್ಟಿನ ಮಾತು ಮಾತ್ರ ನಿನಗೆ ಕೇಳ್ತದೆ. ಅವನ ಸೆಟ್ಟಿನಲ್ಲಿ ಕೋಡ್ ಇಲ್ಲ. ಅವ ಎಷ್ಟು ಕೂಗಿದ್ರೂ ಇವಳಿಗೆ ಕೇಳುವುದಿಲ್ಲ. ಆದ್ರೆ ಇವಳು ಹೇಳಿದ್ದು? ಅದೆಲ್ಲ ಅವನಿಗೆ ಕೇಳ್ತದೆ... ಒಂದೊಂದು ಅಕ್ಷರವೂ ಕೇಳ್ತದೆ."

ಅಕ್ಷಯಾಳ ಕೈ ನೆಲಗಡಲೆಯ ಬಟ್ಟಲಲ್ಲೇ ನಿಂತಿತು. ಕೂಸಪ್ಪ ಕಿಟಕಿಯ ಕಟ್ಟೆಯ ಕಡೆ ಒಮ್ಮೆ ನೋಡಿ ಮುಂದುವರಿಸಿದರು.

"ಮಂಜು ಬಂತು. ಅಲ್ಲಿ ಹಾಗೇ, ಬಿಸಿಲಿನ ದಿನವೇ ಸಮುದ್ರದಿಂದ ಎದ್ದು ಬಂದು ಸೊಳ್ಳೆಪರದೆ ಇಳಿಬಿಟ್ಟ ಹಾಗೆ ಎಲ್ಲ ಮುಚ್ಚಿಬಿಡ್ತದೆ. ಅವಳು ಕರೆದ್ಳು. 'ರೀ, ಕೇಳಿಸ್ತಿದೆಯಾ? ಓವರ್.' ಇಲ್ಲ. 'ಎಲ್ಲಿದೀರಾ? ಫ್ಲಾಸ್ಕಿನ ಕಾಫಿ ಆರ್ತಾ ಇದೆ, ಓವರ್.' ಇಲ್ಲ. ಅವ ತಮಾಷೆಯವ ಅಂದೆನಲ್ಲ, ಹಿಂದೆ ಹೀಗೆ ಸುಮ್ಮನಿದ್ದು ಸತಾಯಿಸಿದ್ದೂ ಉಂಟಂತೆ. 'ಆಟ ಸಾಕು ರೀ, ನಂಗೆ ಭಯ ಆಗ್ತಿದೆ, ಓವರ್.' ಇಲ್ಲ. ಕೊನೆಗೆ ಸಿಟ್ಟು ಬಂತು, ಜ್ವರದ ಮೈ ಬೇರೆ. 'ನನ್ನ ಜೊತೆ ಮಾತಾಡೋಕೆ ಇಷ್ಟ ಇಲ್ಲ ಅಂದ್ರೆ ಬಿಡಿ. ನಂಗೂ ಅಭ್ಯಾಸ ಆಗಿದೆ.' ಓವರ್ ಅಂತಲೂ ಹೇಳ್ಲಿಲ್ಲ. ಸೆಟ್ಟು ಬಂದ್ ಮಾಡಿ ಡ್ಯಾಶ್‌ಬೋರ್ಡಿನ ಮೇಲೆ ಎಸೆದು ಕಣ್ಣು ಮುಚ್ಚಿದ್ಳು.

"ಸ್ವಲ್ಪ ಹೊತ್ತಿಗೆ ಕಾರಿನ ಗಾಜಿಗೆ ಯಾರೋ ಬಡಿದ್ರು. ಆ ಮಕ್ಕಳ ಅಪ್ಪ. ಮಗಳ ಆಟದ ಸೆಟ್ಟು ಕೈಯಲ್ಲಿ. 'ಮೇಡಂ, ಇದರಲ್ಲಿ ಯಾರೋ ತುಂಬ ಹೊತ್ತಿನಿಂದ ಬೇರೆ ಭಾಷೆಯಲ್ಲಿ ಮಾತಾಡ್ತಾ ಇದ್ದಾರೆ. ನಿಮ್ಮವರಾ?' ಅಂತ ಕೇಳಿದ. ಅವಳು ಕಿತ್ತುಕೊಂಡು ಕಿವಿಗಿಟ್ಟಳು. ಎಂತ ಉಂಟು? ಬರೀ ಗರಗರ.

"ಆ ಅಪ್ಪನೇ ತುರ್ತಿನ ನಂಬರು ಒಂದು ಒಂದು ಎರಡಕ್ಕೆ ಫೋನ್ ಮಾಡಿದ. ದೋಣಿ ಬಂತು, ಹೆಲಿಕಾಪ್ಟರ್ ಬಂತು, ಮಂಜಿನಲ್ಲಿ ಯಾರು ಎಂತ ಮಾಡ್ಲಿಕ್ಕಾಗ್ತದೆ? ಅವಳು ಆ ಸಣ್ಣ ಹುಡುಗಿಯ ಎದುರು ಮೊಣಕಾಲೂರಿ ಕೂತು ಕೇಳಿದ್ಳಂತೆ, ಅವರು ಏನು ಹೇಳಿದ್ರು ಪುಟ್ಟಾ, ಏನು ಹೇಳಿದ್ರು ಅಂತ. ಡಚ್ ಮಗು, ಅದಕ್ಕೆ ಕನ್ನಡ ಎಲ್ಲಿಂದ ಬರ್ಬೇಕು? ತಿರುಗಿ ತಿರುಗಿ ಕೇಳಿದ ಒಂದು ಶಬ್ದ ಮಾತ್ರ ಅದರ ಬಾಯಲ್ಲಿ ಉಳಿದಿತ್ತು. 'ಇವಳೇ... ಇವಳೇ... ಓವರ್.'

"ಅವ ಮರುದಿನ ಸಿಕ್ಕಿದ. ಸೆಟ್ಟು ಕೊರಳಲ್ಲೇ ಇತ್ತು.

"ಅವಳು ನನ್ನನ್ನು ಹುಡುಕಿಕೊಂಡು ಬಂದದ್ದು ಆಮೇಲೆ. ಬಳಗದಲ್ಲಿ ಯಾರೋ ಹೇಳಿದ್ರಂತೆ, ರೇಡಿಯೋ ವಿಷಯ ಆದ್ರೆ ಕೂಸಪ್ಪನವರನ್ನು ಕೇಳಿ ಅಂತ. ಅವಳು ಅಳ್ಲಿಲ್ಲ. ನಂಗೆ ಅದೇ ಹೆದರಿಕೆ ಆದದ್ದು. ಒಂದೇ ಪ್ರಶ್ನೆ. 'ಅಂಕಲ್, ನಾನು ಕೊನೆಗೆ ಅಂದದ್ದು ಅವರಿಗೆ ಕೇಳಿಸಿರುತ್ತಾ?' ನಾನು ಎಂತ ಹೇಳ್ಲಿ? ಕೇಳಿರ್ತದೆ ಅಂದೆ. 'ಹಾಗಾದ್ರೆ ಅವರು ಏನೋ ಉತ್ತರ ಕೊಟ್ಟಿರ್ತಾರೆ. ನನಗೆ ಅದು ಬೇಕು.' ಅಷ್ಟೇ. ಅವಳಿಗೆ ಬೇರೆ ಎಂತದೂ ಬೇಡ. ಗಾಳಿಯಲ್ಲಿ ಹೋದ ಮಾತು ಹೋಯಿತು ಮಗಾ, ಅದು ಎಲ್ಲಿಯೂ ಉಳಿಯುವುದಿಲ್ಲ, ಅಂತ ಹೇಳಿ ಕಳಿಸಿದೆ. ನಾನು ಕಲಿತದ್ದು ಹಾಗೇ.

"ಅದೇ ವರ್ಷ ಅಕ್ಟೋಬರಿನಲ್ಲಿ ಫೋನ್ ಬಂತು. 'ಅಂಕಲ್, ಅವರು ಉತ್ತರ ಕೊಡ್ತಿದಾರೆ. ನೀವು ಬನ್ನಿ.' ಪಾಪ, ತಲೆ ಕೆಟ್ಟಿದೆ ಅಂತ ಗ್ರಹಿಸಿ ರೈಲು ಹತ್ತಿದೆ. ಸ್ಟೇಷನ್ನಿಗೆ ಕಾರು ತಂದಿದ್ಳು. ಅದೇ ಏರಿ, ಅದೇ ಜಾಗ. ಮಧ್ಯಾಹ್ನವೇ, ಆದ್ರೆ ಮಂಜು. ಎದುರಿನ ಬೇಲಿಯೂ ಕಾಣುವುದಿಲ್ಲ. ಅವಳ ಸೆಟ್ಟಿನ ಕೋಡ್ ತೆಗೆದಿದ್ಳು. ಅವನ ಸೆಟ್ಟನ್ನೂ ತಂದಿದ್ಳು, ನಾನೇ ಅದರ ಬೆನ್ನು ಬಿಚ್ಚಿ ನೋಡಿದೆ. ಬ್ಯಾಟರಿ ಇಲ್ಲ. ಒಳಗೆ ಉಪ್ಪು ಕಟ್ಟಿ ತುಕ್ಕು ಹಿಡಿದು ಹೋಗಿತ್ತು.

"'ಒಂದು ಮಂಜಿಗೆ ಒಂದೇ ಉತ್ತರ ಅಂಕಲ್,' ಅಂದ್ಳು. 'ಆವತ್ತು ನಾನು ಕೇಳಿದ ಕ್ರಮದಲ್ಲೇ. ಮೊದಲನೇ ಸಲ, ಕೇಳಿಸ್ತಿದೆ ಇವಳೇ, ಅಂದ್ರು. ಆಮೇಲೆ, ಕಾಫಿ ನೀನು ಕುಡಿ, ನಂಗೆ ಇಟ್ಟಿರಬೇಡ, ಅಂದ್ರು. ಹೋದ ವಾರ, ಭಯ ಪಡಬೇಡ, ಬರ್ತಾ ಇದೀನಿ, ಅಂದ್ರು. ಇನ್ನು ಒಂದೇ ಉಳಿದಿರೋದು.' ಆ ಒಂದು ಯಾವುದು ಅಂತ ನಾನು ಕೇಳ್ಬೇಕಾ?

"ನಾನು ಅವಳಿಗೆ ನಮ್ಮ ಕಸುಬಿನ ಮಾತು ಹೇಳಿದೆ. 'ನೋಡು ಮಗಾ, ಓವರ್ ಅಂದ್ರೆ ಇನ್ನು ನಿನ್ನ ಸರದಿ ಅಂತ. ಎದುರಿನವ ಕಾಯ್ತಾನೆ. ಔಟ್ ಅಂದ್ರೆ ಮುಗಿಯಿತು ಅಂತ. ಹಡಗಿನಲ್ಲಿ ನಾವು ಔಟ್ ಹೇಳದೆ ಏಳ್ತಾ ಇರ್ಲಿಲ್ಲ, ಯಾಕೆಂದ್ರೆ ಎಲ್ಲೋ ಒಬ್ಬ ಕಿವಿಗೆ ಹಚ್ಚಿಕೊಂಡು ಕೂತಿರ್ತಾನೆ. ನೀನು ಆವತ್ತು ಔಟ್ ಹೇಳ್ಲಿಲ್ಲ. ಅವ ಇನ್ನೂ ಕೆಸರಿನಲ್ಲಿ ನಿಂತು ಕಾಯ್ತಾ ಇದ್ದಾನೆ. ಇವತ್ತು ಉತ್ತರ ಕೇಳು, ಎಂತ ಹೇಳ್ಬೇಕೋ ಹೇಳು, ಕೊನೆಗೆ ಔಟ್ ಅಂತ ಹೇಳಿ ಅವನನ್ನು ಬಿಟ್ಟುಕೊಡು.' ಒಪ್ಪಿದ್ಳು. ನನ್ನ ಕೈ ಹಿಡಿದು ಒಪ್ಪಿದ್ಳು.

"ಗುಂಡಿ ಒತ್ತಿ, ಆವತ್ತಿನ ಅದೇ ಮಾತು ಹೇಳಿದ್ಳು. 'ನನ್ನ ಜೊತೆ ಮಾತಾಡೋಕೆ ಇಷ್ಟ ಇಲ್ಲ ಅಂದ್ರೆ ಬಿಡಿ...' ಈ ಸಲ 'ಓವರ್' ಅಂತಲೂ ಅಂದ್ಳು. ಗುಂಡಿ ಬಿಟ್ಟಳು. ಗರಗರ... ಗರಗರ... ಮತ್ತೆ ಆ ಗರಗರವೂ ನಿಂತಿತು. ಯಾರೋ ಗುಂಡಿ ಒತ್ತಿದಾಗ ಮಾತ್ರ ಹಾಗೆ ನಿಲ್ಲುವುದು, ನಂಗೆ ಗೊತ್ತುಂಟು. ಗಾಳಿ ಕೇಳಿತು. ಮತ್ತೆ ಏದುಸಿರು. ಮತ್ತೆ ಗಂಡಸಿನ ದನಿ, ಚಳಿಗೆ ಹಲ್ಲು ಕಟಕಟ ಅನ್ನುವ ದನಿ.

"'ಇಷ್ಟ ಇಲ್ಲದೆ ಏನೇ? ನಿನ್ನ ಜೊತೆ ಮಾತಾಡೋಕೇ ತಾನೆ ಇದನ್ನ ತಂದಿದ್ದು. ದಡ ಯಾವ ಕಡೆ ಅಂತ ಗೊತ್ತಾಗ್ತಿಲ್ಲ ಇವಳೇ. ಒಂದು ಸಲ ಹಾರ್ನ್ ಹೊಡಿ. ಓವರ್.'

"ಒಂದು ಹಾರ್ನ್, ಅಷ್ಟೇ ಮಾರಾಯ್ರೆ! ಆವತ್ತು ಅವಳ ಕಿವಿ ತೆರೆದಿದ್ರೆ, ಒಂದು ಹಾರ್ನ್ ಹೊಡೆದಿದ್ರೆ, ಅವ ಬಂದು ಆರಿದ ಕಾಫಿ ಕುಡೀತಿದ್ದ. ಎಷ್ಟು ಹಡಗಿನ ಎಷ್ಟು ಕೂಗು ಕೇಳಿದ್ದೇನೆ ನಾನು... ಆ ಒಂದು ಮಾತು ಕೇಳಿ ಕಾರಿನಲ್ಲಿ ಕೂತು ಅತ್ತುಬಿಟ್ಟೆ.

"ಅವಳ ಹೆಬ್ಬೆರಳು ಗುಂಡಿಯ ಮೇಲಿತ್ತು. 'ಹೇಳು ಮಗಾ, ಔಟ್ ಹೇಳು,' ಅಂದೆ. ಅವಳು ನನ್ನ ಮುಖ ನೋಡಿದ್ಳು. ಯಾರೊಟ್ಟಿಗೂ ಮಾತಿಲ್ಲದ ಆ ಮನೆ, ಕತ್ತಲಿನ ಆ ಬೆಳಿಗ್ಗೆ, ಅದಕ್ಕೆ ವಾಪಸು ಹೋಗು ಅಂತ ನಾನು ಹೇಳ್ತಾ ಇದ್ದದ್ದು ಅಲ್ಲವಾ? ಹೆಬ್ಬೆರಳನ್ನು ಗುಂಡಿಯಿಂದ ತೆಗೆದ್ಳು. ಇನ್ನೊಂದು ಕೈಯನ್ನು ಸ್ಟಿಯರಿಂಗಿನ ಮೇಲಿಟ್ಟು... ಹಾರ್ನ್ ಒತ್ತಿದ್ಳು. ಒತ್ತಿದ್ಳು ಅಂದ್ರೆ, ಒತ್ತಿಯೇ ಹಿಡಿದ್ಳು. ಏರಿಯ ಕುರಿಗಳೆಲ್ಲ ಎದ್ದು ಓಡಿದ್ವು.

"ಎಷ್ಟು ಹೊತ್ತು ಅಂತ ನಂಗೆ ಗೊತ್ತಿಲ್ಲ. ಹಿಂದಿನ ಬಾಗಿಲು ತೆರೆದ ಸದ್ದಾಯಿತು. ಕಾರು ಒಂದು ಬದಿಗೆ ಸ್ವಲ್ಪ ಕುಸಿಯಿತು, ಯಾರಾದ್ರೂ ಹತ್ತಿದ್ರೆ ಕುಸಿಯುವುದಿಲ್ಲವಾ, ಹಾಗೆ. ಬಾಗಿಲು ಹಾಕಿತು. ಕೆಸರಿನ ವಾಸನೆ. ನಾನು ತಿರುಗಿ ನೋಡ್ಲಿಲ್ಲ. ನೀವಾದ್ರೆ ನೋಡ್ತಿದ್ರಾ? ಅವಳು ಹೀಟರ್ ಜಾಸ್ತಿ ಮಾಡಿದ್ಳು, ಕನ್ನಡಿಯನ್ನು ಸ್ವಲ್ಪ ಕೆಳಗೆ ಬಗ್ಗಿಸಿದ್ಳು, ಗಾಡಿ ತಿರುಗಿಸಿದ್ಳು. ಸ್ಟೇಷನ್ನಿನವರೆಗೆ ನಾನು ಎದುರಿನ ರಸ್ತೆಯನ್ನೇ ನೋಡ್ತಾ ಕೂತೆ. ಇಳಿಯುವಾಗ ಮಾತ್ರ ಹಿಂದಿನ ಕಾಲಡಿಯ ಮ್ಯಾಟ್ ನನ್ನ ಕಣ್ಣಿಗೆ ಬಿತ್ತು. ನೀರು ನಿಂತಿತ್ತು."

ಕೂಸಪ್ಪ ಕನ್ನಡಕ ತೆಗೆದು ಒರೆಸಿಕೊಂಡರು. ಅವಿನ್ ನಗಲು ನೋಡಿದ, ನಗು ಬರಲಿಲ್ಲ. "ಒಳ್ಳೆ ಕತೆ ಮಾವ," ಎಂದ.

"ಆಮೇಲೆ ಅವರು?" ಅಕ್ಷಯಾ ಕೇಳಿದಳು. "ಆ ಹೆಂಗಸು... ಈಗ ಹೇಗಿದಾರೆ ಅಂಕಲ್?"

"ಚೆನ್ನಾಗಿದ್ದಾಳೆ. ಕೆಲಸ ಸಿಕ್ಕಿತು, ಡಚ್ಚೂ ಕಲಿತಳು. ಅವಳ ಸೆಟ್ಟು ಯಾವಾಗಲೂ ಚಾಲೂ, ಮನೆಯಲ್ಲೂ, ಕಾರಿನಲ್ಲೂ. ಅವನ ದನಿ ಅದರಲ್ಲಿ ಮಾತ್ರ ಬರುವುದಲ್ಲ, ಹತ್ತಿರ ಯಾವ ಸೆಟ್ಟು ಚಾಲೂ ಇದ್ರೂ ಬರ್ತದೆ. ಒಂಟಿ ಅನ್ನಿಸುವುದಿಲ್ಲವಾ ಅಂತ ಒಮ್ಮೆ ಕೇಳಿದೆ. ನಕ್ಕಳು. ಅವಳು ನಕ್ಕದ್ದು ನಾನು ನೋಡಿದ್ದೇ ಆವಾಗ."

ಅಕ್ಷಯಾ ಕಾಲುಗಳನ್ನು ಸೋಫಾದ ಮೇಲಕ್ಕೆ ಎಳೆದುಕೊಂಡಳು. ಆದರೆ ಹೆದರಿಕೆಯ ಕೆಳಗೆ ಇನ್ನೊಂದು ಇತ್ತು, ಅದನ್ನು ಅವಳು ಯಾರಿಗೂ ಹೇಳುವಂತಿರಲಿಲ್ಲ. ಟಿಲ್‌ಬರ್ಗಿನ ತನ್ನ ಕೋಣೆ ನೆನಪಾಗಿ, ಆ ಹೆಂಗಸಿನ ಮೇಲೆ ಹೊಟ್ಟೆಕಿಚ್ಚಾಗಿತ್ತು.

"ಹೆಸರು ಹೇಳ್ತೇನೆ ಅಂದಿದ್ರಿ ಪಪ್ಪ," ಎಂದಳು ಸಂಪ್ರೀತಾ, ತಗ್ಗಿದ ದನಿಯಲ್ಲಿ.

ಕೂಸಪ್ಪ ಬಾಯಿ ತೆರೆಯುವ ಮೊದಲೇ ಕಿಟಕಿಯ ಕಟ್ಟೆಯ ಮೇಲಿದ್ದ ಹಳದಿ ಸೆಟ್ಟು ಗರಗರ ಎಂದಿತು. ಮಕ್ಕಳದ್ದಲ್ಲ. ಗರಗರ ನಿಂತು, ಗಾಳಿ ಕೇಳಿ, ಅಕ್ಷಯಾಳ ಕಿವಿಯ ಪಕ್ಕದಲ್ಲೇ ಚಳಿಗೆ ನಡುಗುವ ಒಂದು ಗಂಡಸಿನ ದನಿ ಮೈಸೂರು ಕನ್ನಡದಲ್ಲಿ ಮಾತಾಡಿತು.

"ನಿಧಾನ ಇವಳೇ, ರಸ್ತೆ ಜಾರುತ್ತೆ. ಮುಂದೆ ಎಡಕ್ಕೆ ತಿರುಗು. ಹಸಿರು ಬಾಗಿಲಿನ ಮನೆ. ಓವರ್."

ಬೀದಿಯ ತುದಿಯಿಂದ ಕಾರಿನ ಬೆಳಕು ತಿರುಗಿ ಬಂದು ಒದ್ದೆ ಗಾಜಿನ ಮೇಲೆ ಹರಡಿತು. ಕಾರು ಮನೆಯ ಎದುರು ನಿಂತಿತು. ಒಂದು ಬಾಗಿಲು ಹಾಕಿದ ಸದ್ದಾಯಿತು. ಸ್ವಲ್ಪ ತಡೆದು, ಇನ್ನೊಂದು.

ಅವಿನ್ ಏಳಲಿಲ್ಲ, ಸಂಪ್ರೀತಾಳೂ ಏಳಲಿಲ್ಲ. ಕೂಸಪ್ಪ ಮಾತ್ರ ನಿಧಾನವಾಗಿ ಎದ್ದು, ಬಾಗಿಲ ಕಡೆ ಹೊರಟವರು, ಅಕ್ಷಯಾಳ ಭುಜದ ಮೇಲೆ ಕೈಯಿಟ್ಟರು.

"ಊರ್ಮಿಳಾ ಬಂದ್ಳು. ಇನ್ನೊಂದು ತಟ್ಟೆ ಇಡು ಮಗಾ. ಮತ್ತೆ ಆ ಕುರ್ಚಿಯ ಕೆಳಗೆ ಒಂದು ಬಟ್ಟೆ ಹಾಸು... ನೀರು ಇಳೀತದೆ."